ಮನೆಗೆ ಮೋಟಾರು ಸೈಕಲ್ಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟದ ಮನೆಗಳಿಗೆ ಮೋಟಾರು ಸೈಕಲ್ಲು ಈಗ ಅನುಕೂಲದ ವಸ್ತು. ಮಕ್ಕಳಿಗೆ ಅದನ್ನು ಕೊಡಿಸುವ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ.

೧೯೮೮ರ ಮೋಟಾರು ವಾಹನ ಕಾಯಿದೆಯಂತೆ ೧೮ ವರ್ಷ ತುಂಬದವರಿಗೆ ಗೇರಿನ ಗಾಡಿಯ ಪರವಾನಗಿ ದೊರೆಯದು. ಅಲ್ಲಿಯ ತನಕ ತಾಳ್ಮೆಯೇ ಲೇಸು. ಕುಳಿತಾಗ ಎರಡು ಪಾದಗಳೂ ನೆಲಕ್ಕೂರುವ ಹಗುರವಾದ ಗಾಡಿಯನ್ನು ಆರಿಸಬೇಕು. ಮೊದಲು ಬಯಲಿನಲ್ಲಿ ಕ್ಲಚ್ಚು, ಬ್ರೇಕುಗಳು ಕೈವಶವಾಗಲಿ, ಬಳಿಕ ರಸ್ತೆ, ಕಟ್ಟಕಡೆಗೆ ಘಟ್ಟ.

ಘಟ್ಟವನ್ನು ಏರುವುದಕ್ಕಿಂತ ಇಳಿಯುವುದೇ ಕಠಿಣವಾದ ವಿದ್ಯೆ. ಶಿರಸಿಯಿಂದ ಕುಮಟೆಗೆ ದೇವಿಮನೆ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು, ಹೀಗೆ ಕರಾವಳಿಯ ದಾರಿಗಳೆಲ್ಲ ಇಳಿಜಾರೇ. ಪೆಟ್ರೋಲು ಉಳಿಸಲೆಂದು ಎಂಜಿನು ನಿಲ್ಲಿಸಿ ಇಳಿಯುವವರುಂಟು. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ತಪ್ಪುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನೇ ಗಾಡಿಯನ್ನು ತಡೆದು ನಡೆಸುತ್ತದೆ. ಮಳೆಗಾಲದಲ್ಲಿ ಪಾಚಿ, ತರಗೆಲೆಗಳ ಮೇಲೆ ಸವೆದ ಟೈರು ಜಾರುವುದೆಂಬುದನ್ನೂ ಮರೆಯಬಾರದು.

ಐ.ಎಸ್.ಐ. ಗುರುತಿನ ಹೆಲ್ಮೆಟ್ಟು ಸವಾರನಿಗೂ ಹಿಂದೆ ಕೂರುವವರಿಗೂ ಬೇಕು. ಗಲ್ಲದ ಪಟ್ಟಿ ಬಿಗಿಯದಿದ್ದರೆ ಅದು ತೊಟ್ಟೂ ತೊಡದಂತೆ. ಸೀರೆಯುಟ್ಟವರು ಸೆರಗನ್ನು ಚಕ್ರಕ್ಕೆ ಸಿಲುಕದಂತೆ ಸೆಕ್ಕಿಕೊಳ್ಳಬೇಕು. ಎರಡು ಹೆಲ್ಮೆಟ್ಟುಗಳ ಬೆಲೆಯನ್ನು ಗಾಡಿಯ ಬೆಲೆಯಲ್ಲಿಯೇ ಸೇರಿಸಿ ಎಣಿಸುವುದು ಗೃಹಸ್ಥರ ವಿವೇಕ.