ಕಿಂಗ್‌ಫಿಷರ್ ಯಾರದಾದರೇನು, ಮಾಲ್ಟ್ ಎಷ್ಟಿದೆ ಹೇಳಿ

ಬೆಂಗಳೂರಿನ ವಿಟ್ಠಲ ಮಲ್ಯ ರಸ್ತೆಯ ಯುಬಿ ಟವರ್‌ನಲ್ಲಿರುವ, ಕಿಂಗ್‌ಫಿಷರ್ ಬಿಯರ್ ತಯಾರಿಸುವ ಕಂಪನಿಯ ಯಜಮಾನಿಕೆ ಈಗ ಆಮ್‌ಸ್ಟರ್‌ಡ್ಯಾಮ್‌ನದು. 2021ರಲ್ಲಿ ವಿಜಯ್ ಮಲ್ಯ ಕಡೆಯ ಷೇರುಗಳು ಸಾಲ ವಸೂಲಿಗೆಂದು ಮಾರಾಟವಾದಾಗ ಅಲ್ಲಿನ ಹೈನೆಕೆನ್ ಕಂಪನಿ ಅವನ್ನು ಕೊಂಡು, ಯುನೈಟೆಡ್ ಬ್ರೂವರೀಸ್‌ನಲ್ಲಿ ತನ್ನ ಪಾಲನ್ನು ಶೇ 61.5ಕ್ಕೆ ಏರಿಸಿಕೊಂಡಿತು. ಆಗಿನಿಂದ ಒಂದು ಗೊಣಗಾಟ ಕೇಳುತ್ತಲೇ ಇದೆ: ನಮ್ಮ ಕಿಂಗ್‌ಫಿಷರ್ ಪರದೇಶದವರ ಪಾಲಾಯಿತು, ರುಚಿ ಕೆಟ್ಟಿತು, ಅಗ್ಗದ ಮಾಲು ಸುರಿಯುತ್ತಿದ್ದಾರೆ. ಸಿಟ್ಟು ನ್ಯಾಯದ್ದೇ. ಆದರೆ ಅದು ಬೀಳುತ್ತಿರುವ ಜಾಗ ತಪ್ಪು.

‘ನಮ್ಮದು’ ಅನ್ನುವುದನ್ನೇ ಮೊದಲು ನೋಡೋಣ. 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಈ ಕಂಪನಿ ಕಟ್ಟಿದವನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ. ವಿಟ್ಠಲ ಮಲ್ಯರು ಚುಕ್ಕಾಣಿ ಹಿಡಿದದ್ದು ಸ್ವಾತಂತ್ರ್ಯ ಬರುವ ಹೊತ್ತಿಗೆ. ಇನ್ನು ಸ್ವದೇಶಿ ಯಜಮಾನ ಗಿರಾಕಿಯನ್ನು ಹೇಗೆ ನೋಡಿಕೊಂಡ? 2009ರಿಂದ 2018ರವರೆಗೆ ಬೆಲೆಯ ವಿಷಯದಲ್ಲಿ ಒಳಒಪ್ಪಂದ ನಡೆದಿತ್ತೆಂದು ಭಾರತೀಯ ಸ್ಪರ್ಧಾ ಆಯೋಗ 2021ರಲ್ಲಿ ತೀರ್ಪಿತ್ತು, ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಜೊತೆಗಿದ್ದ ಇನ್ನೊಂದು ವಿದೇಶಿ ಕಂಪನಿ ಎಬಿ ಇನ್‌ಬೆವ್ ತಾನೇ ಮುಂದೆ ಬಂದು ಬಾಯಿಬಿಟ್ಟಿದ್ದರಿಂದ ದಂಡದಿಂದ ಪಾರಾಯಿತು. ಆ ಅವಧಿಯ ಬಹುಭಾಗ ಯುನೈಟೆಡ್ ಬ್ರೂವರೀಸ್‌ನ ಅಧ್ಯಕ್ಷರಾಗಿದ್ದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಗಿರಾಕಿಯ ಜೇಬಿಗೆ ಕೈ ಹಾಕುವಾಗ ದೇಶಿ-ವಿದೇಶಿ ಒಂದೇ ಮೇಜಿನ ಸುತ್ತ ಕೂತಿದ್ದರು.

ಹಾಗಾದರೆ ಬಾಟಲಿಯೊಳಗೆ ಏನಿರಬೇಕೆಂದು ತೀರ್ಮಾನಿಸುವವರು ಯಾರು? ಆಯಾ ದೇಶದ ಕಾನೂನು ಮತ್ತು ತೆರಿಗೆ. ಬವೇರಿಯದ ದೊರೆಗಳು 1516ರಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಎಂದು ಕಟ್ಟಳೆ ಮಾಡಿದರು. (ಅದೇ ಕಟ್ಟಳೆ ಬಿಯರ್‌ನ ಬೆಲೆಯನ್ನೂ ಗೊತ್ತುಮಾಡಿತ್ತು ಎಂಬುದನ್ನು ಶುದ್ಧತೆಯ ಭಜನೆ ಮಾಡುವವರು ಜಾಣತನದಿಂದ ಮರೆಯುತ್ತಾರೆ.) ಹೊರಗಿನಿಂದ ಬರುವ ಬಿಯರ್ ಮೇಲೆ ಈ ನಿಯಮ ಹೇರಕೂಡದೆಂದು ಯುರೋಪಿನ ನ್ಯಾಯಾಲಯ 1987ರಲ್ಲಿ ಹೇಳಿದರೂ ಜರ್ಮನಿಯ ಬ್ರೂವರಿಗಳು ತಮ್ಮ ಮಟ್ಟಿಗೆ ಅದನ್ನು ಬಿಟ್ಟಿಲ್ಲ. ಬ್ರೆಮೆನ್‌ನ ಬೆಕ್ಸ್ ಈಗ ಎಬಿ ಇನ್‌ಬೆವ್‌ನ ಸ್ವತ್ತು. ಅಲ್ಲಿ ಕಂಪನಿ ಅಕ್ಕಿ ಮುಟ್ಟುವುದಿಲ್ಲ. ಅದೇ ಕಂಪನಿಯ ಬಡ್‌ವೈಸರ್‌ಗೆ ಅಮೆರಿಕದಲ್ಲಿ ಅಕ್ಕಿ ಬೇಕೇ ಬೇಕು. ಯಜಮಾನ ಒಬ್ಬನೇ, ಪಾಕ ಎರಡು.

ಜಪಾನಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಪ್ರಮಾಣ ನೋಡಿ ತೆರಿಗೆ ಹಾಕುತ್ತಿದ್ದರು. ಶೇ 67 ಮುಟ್ಟಿದರೆ ಅದು ‘ಬಿಯರ್’, ತೆರಿಗೆ ಹೆಚ್ಚು. 1994ರಲ್ಲಿ ಸನ್‌ಟೋರಿ ಕಂಪನಿ ಶೇ 65 ಮಾಲ್ಟ್‌ನ ಪಾನೀಯ ತಂದು ಅಗ್ಗಕ್ಕೆ ಮಾರಿತು. ಸರ್ಕಾರ ಅದರ ಮೇಲೂ ತೆರಿಗೆ ಏರಿಸಿತು. ಕಂಪನಿಗಳು ಮಾಲ್ಟನ್ನು ಶೇ 25ಕ್ಕಿಂತ ಕೆಳಗಿಳಿಸಿದವು. ಕಡೆಗೆ ಸಪ್ಪೊರೊ ಕಂಪನಿ ಮಾಲ್ಟ್‌ನ ಗೊಡವೆಯೇ ಬೇಡವೆಂದು ಬಟಾಣಿಯ ಪ್ರೋಟೀನ್ ಹಾಕಿ ಬಿಯರ್‌ನಂಥದ್ದೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಸನ್‌ಟೋರಿ, ಸಪ್ಪೊರೊ ಎರಡೂ ಅಪ್ಪಟ ಜಪಾನಿನವು. ಪಾಕ ಬರೆದದ್ದು ತೆರಿಗೆ ಇಲಾಖೆ.

ನಮ್ಮ ಅಬಕಾರಿ ಇಲಾಖೆಯೂ ಒಂದು ಪಾಕ ಬರೆಯುತ್ತಿದೆ, ತನಗೇ ಗೊತ್ತಿಲ್ಲದಂತೆ. 2025ರ ಜನವರಿಯಲ್ಲಿ ಕರ್ನಾಟಕ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 185ರಿಂದ 195ಕ್ಕೆ ಏರಿಸಿತು. ಬೆಲೆ ಏರಿದಷ್ಟೂ ದುಡಿದು ಬಂದು ವೈನ್ ಸ್ಟೋರ್ ಮುಂದೆ ನಿಂತವನು ಕೊಟ್ಟ ಕಾಸಿಗೆ ಎಷ್ಟು ಕಿಕ್ ಎಂದೇ ಲೆಕ್ಕ ಹಾಕುತ್ತಾನೆ, ಸ್ಟ್ರಾಂಗ್ ಕೇಳುತ್ತಾನೆ. ಸ್ಟ್ರಾಂಗ್ ಅಂದರೆ ಶೇ 5ರಿಂದ 8ರವರೆಗೆ ಆಲ್ಕೋಹಾಲ್. ಅಷ್ಟನ್ನು ಬರೀ ಬಾರ್ಲಿ ಮಾಲ್ಟ್‌ನಿಂದ ಪಡೆಯುವುದು ದುಬಾರಿ. ಅಕ್ಕಿ, ಮೆಕ್ಕೆಜೋಳ, ಸಕ್ಕರೆ ಸುಲಭದ ದಾರಿ. ಸಕ್ಕರೆ ಹಾಕಿದರೆ ಬಿಯರ್ ಸಿಹಿಯಾಗುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಉಳಿಯುವುದು ಮೈಯಿಲ್ಲದ, ತೆಳ್ಳಗಿನ, ತಲೆಗೆ ಬೇಗ ಏರುವ ಬಿಯರ್.

ಇದೇನೂ ಕಲಬೆರಕೆಯಲ್ಲ. ಬೆಲ್ಜಿಯಂನ ಹೆಸರಾಂತ ಬಿಯರ್‌ಗಳಲ್ಲೂ ಸಕ್ಕರೆ ಇದೆ. ಅದಕ್ಕೇ 2024ರಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಕರಡು ನಿಯಮದ ಮೊದಲ ಅಂಶ, ಅಂದರೆ ಸಕ್ಕರೆ ತೂಕದಲ್ಲಿ ಶೇ 25 ಮೀರಬಾರದೆಂಬುದು, ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ. ಎರಡನೆಯ ಅಂಶವೇ ಮುಖ್ಯ: ಮಾಲ್ಟ್ ಎಷ್ಟು, ಸಕ್ಕರೆ ಎಷ್ಟು, ಲೇಬಲ್ ಮೇಲೆ ಮುದ್ರಿಸಿ. ಮಿತಿ ಹಾಕಿದರೆ ಅದನ್ನು ಕಾಯಬೇಕಾದವರು ಅಬಕಾರಿ ಅಧಿಕಾರಿಗಳು. ಅವರ ಕಾವಲಿನ ಮೇಲೆ ನಂಬಿಕೆ ಇಟ್ಟವರು ಕೈ ಎತ್ತಲಿ. ಅಂಕಿ ಮುದ್ರಿಸಿದರೆ ಕುಡಿಯುವವನೇ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ನೋಡುತ್ತಾನೆ.

ಲೇಬಲ್ ಬಾಯಿಬಿಡದ ಕಡೆ ಗಾಳಿಸುದ್ದಿ ಮಾತಾಡುತ್ತದೆ. ಭಾರತದ ಬಿಯರ್‌ಗೆ ಗ್ಲಿಸರಿನ್ ಬೆರೆಸುತ್ತಾರೆ, ಬಾಟಲಿಯನ್ನು ನೀರಿನಲ್ಲಿ ಬೋರಲು ಹಾಕಿದರೆ ಅದು ಇಳಿದುಹೋಗುತ್ತದೆ ಎಂದು ನಂಬಿ, ಬಾರ್‌ನಲ್ಲಿ ಆ ಸರ್ಕಸ್ಸನ್ನು ಮಾಡಿ ತೋರಿಸುವವರಿದ್ದಾರೆ. ನಗು ಬರುತ್ತದೆ ನಿಜ, ಆದರೆ ಕಂಪನಿಗಳು ನಗುವ ಹಾಗಿಲ್ಲ. ಒಳಗೇನಿದೆ ಎಂದು ಅಳತೆ ಸಮೇತ ಹೇಳದವರೇ ಈ ಪುಕಾರಿಗೆ ನೀರೆರೆದವರು.

ಪಾಕದ ಗುಟ್ಟು ರಟ್ಟಾಗುತ್ತದೆ ಎಂದು ಕಂಪನಿಗಳು ಹೇಳಬಹುದು. ಎಷ್ಟೋ ಬಿಸ್ಕತ್ತು ಪೊಟ್ಟಣಗಳ ಮೇಲೆ ಗೋಧಿಹಿಟ್ಟು ಶೇಕಡಾ ಇಷ್ಟು ಎಂದು ಅಚ್ಚಾಗಿರುತ್ತದೆ. ಅದರಿಂದ ಯಾವ ಬಿಸ್ಕತ್ತಿನ ಗುಟ್ಟೂ ಬಯಲಾಗಿಲ್ಲ. ನಿಜವಾದ ತೊಡಕು ಬೇರೆ ಇದೆ. ರಾಜ್ಯದ ನಿಯಮ ಅತ್ತಿಬೆಲೆಯಲ್ಲಿ ಮುಗಿಯುತ್ತದೆ, ಗಡಿಯಾಚೆಯ ಹೊಸೂರಿನಲ್ಲಿ ಬೇರೆ ಲೇಬಲ್ ಶುರು. ಆದ್ದರಿಂದ ಇದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಾಡಬೇಕಾದ ಕೆಲಸ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಗೆ ದೇಶದ ಎಲ್ಲ ಬಾಟಲಿಗಳ ಮೇಲೂ ಜಾಗ ಸಿಕ್ಕಿದೆ. ಪಕ್ಕದಲ್ಲಿ ಎರಡು ಅಂಕಿಗೆ ಸಿಗದೇ? ನೀರು, ಬಾರ್ಲಿ ಮಾಲ್ಟ್, ಹಾಪ್ಸ್ ಮಾತ್ರ ಎಂದು ತನ್ನ ಹಸಿರು ಬಾಟಲಿಯ ಬಗ್ಗೆ ಹೆಮ್ಮೆಪಡುವ ಹೈನೆಕೆನ್, ತನ್ನದೇ ಒಡೆತನದ ಇಲ್ಲಿನ ಸ್ಟ್ರಾಂಗ್ ಬಾಟಲಿಗಳ ಲೆಕ್ಕವನ್ನು ಕಾನೂನು ಬರುವ ತನಕ ಕಾಯದೆ ನಾಳೆಯೇ ಮುದ್ರಿಸಬಹುದು.