ಗುತ್ತಿಗೆಯ ಜತೆಗೆ ಬರುವ ಹೊಣೆ

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲಸಿರುವ ನಮ್ಮ ಹೋಟೆಲು ಬಂಧುಗಳಲ್ಲಿ ಈಚಿನ ದಿನಗಳಲ್ಲಿ ಒಂದು ಬದಲಾವಣೆ ಕಾಣಬರುತ್ತಿದೆ. ಹತ್ತು ಹದಿನೈದು ವರ್ಷ ಪರರ ಹೋಟೆಲಿನಲ್ಲಿ ತಟ್ಟೆಯೆತ್ತಿ, ಒಲೆಯ ಮುಂದೆ ಬೆವರು ಸುರಿಸಿ, ಗಲ್ಲೆಯಲ್ಲಿ ಕುಳಿತು ಅನುಭವ ಗಳಿಸಿದವರು ಈಗ ಸ್ವಂತಕ್ಕೆ ನಿಲ್ಲುತ್ತಿದ್ದಾರೆ. ಹೋಟೆಲು ತೆರೆಯುವಷ್ಟು ಬಂಡವಾಳ ಎಲ್ಲರಲ್ಲಿಯೂ ಇಲ್ಲ. ಆದುದರಿಂದ ಒಬ್ಬರು ಕಾರಖಾನೆಯ ಕ್ಯಾಂಟೀನನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಇನ್ನೊಬ್ಬರು ಮದುವೆ ಮುಂಜಿಗಳ ಅಡಿಗೆಯನ್ನು ವಹಿಸಿಕೊಳ್ಳುತ್ತಾರೆ. ಮತ್ತೊಬ್ಬರು ಕಚೇರಿಗಳಿಗೆ ಊಟದ ಡಬ್ಬಿ ಒದಗಿಸುತ್ತಾರೆ. ಗುಮಾಸ್ತರಾಗಿದ್ದವರು ಕೂಡ ಕೆಲಸ ಬಿಟ್ಟು ನಾಲ್ಕಾರು ವ್ಯಾಪಾರಿಗಳ ಲೆಕ್ಕಪತ್ರ ಬರೆಯುವುದನ್ನೇ ಸ್ವಂತ ಉದ್ಯೋಗವಾಗಿ ಮಾಡಿಕೊಳ್ಳುತ್ತಿದ್ದಾರೆ.

ಈ ಪ್ರವೃತ್ತಿ ಇನ್ನೂ ಬೆಳೆಯುವ ಸಂಭವವಿದೆ. 1948ರ ಕಾರಖಾನೆ ಕಾಯಿದೆಯ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಮಾತ್ರವೇ ಕ್ಯಾಂಟೀನಿನ ನಿರ್ಬಂಧವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಈ ಸಂಖ್ಯೆಯನ್ನು 100ಕ್ಕೆ ಇಳಿಸಿವೆ. ಗುತ್ತಿಗೆಯ ಕೆಲಸಗಾರರೂ ಆ ಎಣಿಕೆಯಲ್ಲಿ ಸೇರುತ್ತಾರೆ. ವಟ್ವಾ, ನರೋಡಾ, ಮಕರಪುರಾದಂತಹ ಕೈಗಾರಿಕಾ ವಸಾಹತುಗಳಲ್ಲಿ ಇದರ ಪರಿಣಾಮವೇನೆಂಬುದನ್ನು ಹೋಟೆಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂತೋಷದ ಸಂಗತಿಯೇ ಸರಿ. ಆದರೆ ಕರಾರುಪತ್ರಕ್ಕೆ ರುಜು ಹಾಕುವ ಉತ್ಸಾಹದಲ್ಲಿ ನಮ್ಮವರು ಅದನ್ನು ಪೂರ್ತಿ ಓದುತ್ತಿಲ್ಲವೆಂಬುದು ನಮಗೆ ಗೊತ್ತು. ಒಂದು ಊಟಕ್ಕೆ ಎಷ್ಟು ದರ, ಬಿಲ್ಲು ಎಷ್ಟು ದಿನಕ್ಕೆ ಸಲ್ಲುತ್ತದೆ, ನೀರು ವಿದ್ಯುತ್ತು ಯಾರದು ಎಂಬಲ್ಲಿಗೆ ಓದು ಮುಗಿಯುತ್ತದೆ. ನಾಲ್ಕನೆಯ ಪುಟದಲ್ಲೋ ಐದನೆಯ ಪುಟದಲ್ಲೋ ಸಣ್ಣ ಅಕ್ಷರದ ಇನ್ನೊಂದು ಕಲಮು ಇರುತ್ತದೆ. ಗುತ್ತಿಗೆದಾರನ ಕೆಲಸದಿಂದಾಗಲಿ ಆತನ ಆಳುಗಳಿಂದಾಗಲಿ ಯಾರಿಗೆ ಏನು ಹಾನಿಯಾದರೂ ಗುತ್ತಿಗೆದಾರನೇ ತುಂಬಿಕೊಡತಕ್ಕದ್ದು, ಕಂಪೆನಿಗೆ ಅದು ತಟ್ಟಕೂಡದು, ಇದಕ್ಕೆ ತಕ್ಕ ವಿಮೆಯನ್ನು ಆತನೇ ಮಾಡಿಸಿರತಕ್ಕದ್ದು ಎಂಬುದು ಅದರ ತಾತ್ಪರ್ಯ. ನಿನ್ನೆಯ ತನಕ ಧಣಿಯ ತಲೆಯ ಮೇಲಿದ್ದ ಹೊರೆ ಇಂದು ಈ ಒಂದು ಕಲಮಿನಿಂದ ನಮ್ಮವರ ತಲೆಗೆ ಬಂದಿರುತ್ತದೆ.

ಇತರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಈ ಲೇಖನಿ ಹಿಡಿಯುವುದಕ್ಕೆ ಮುಂಚೆ ನಾವು ಸೌಟು ಹಿಡಿದವರು. ನಮ್ಮ ಹೋಟೆಲಿನಲ್ಲಿ ಒಂದು ಬೆಳಿಗ್ಗೆ, ಆರು ಗಂಟೆಯ ಸುಮಾರಿಗೆ, ವಡೆ ಕರಿಯುವ ಬಾಣಲೆ ಒಲೆಯ ಮೇಲೆ ವಾಲಿತು. ಕುಂದಾಪುರದ ಕಡೆಯಿಂದ ಬಂದು ಎಂಟು ತಿಂಗಳಾಗಿದ್ದ ಒಬ್ಬ ಹುಡುಗನ ಬಲಗೈ ಮೊಣಕೈಯ ತನಕ ಕಾದ ಎಣ್ಣೆಯಲ್ಲಿ ಬೆಂದುಹೋಯಿತು. ಆರು ವಾರ ಆಸ್ಪತ್ರೆ. ನಮ್ಮಲ್ಲಿ ಪಾಲಿಸಿ ಇರಲಿಲ್ಲವೆಂದಲ್ಲ. ಬ್ಯಾಂಕಿನ ಸಾಲಕ್ಕಾಗಿ ಮಾಡಿಸಿದ ಬೆಂಕಿಯ ಪಾಲಿಸಿಯೊಂದು ಕಪಾಟಿನಲ್ಲಿ ಭದ್ರವಾಗಿತ್ತು. ಅದನ್ನು ಹಿಡಿದುಕೊಂಡು ಏಜೆಂಟರಲ್ಲಿಗೆ ಓಡಿದೆವು. ಅವರು ಹಾಳೆ ತಿರುವಿ, "ಬಾಣಲೆಗೆ ಏನಾದರೂ ಆಗಿದೆಯೆ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಗ್ರೈಂಡರು, ಮೇಜು, ಕುರ್ಚಿ, ಪಾತ್ರೆ ಪಗಡಿ ಎಲ್ಲವೂ ಪಾಲಿಸಿಯ ಪಟ್ಟಿಯಲ್ಲಿದ್ದವು, ಹುಡುಗ ಇರಲಿಲ್ಲ. ಆಸ್ಪತ್ರೆಯ ಹಣವನ್ನು ಸಾಲ ಮಾಡಿ ಕೊಟ್ಟೆವು. ಊರಿನಿಂದ ಬಂದ ಆತನ ತಾಯಿ ಹಣದ ಮಾತನ್ನೇ ಎತ್ತಲಿಲ್ಲ. "ಈ ಕೈಯಲ್ಲಿ ಅವನು ಇನ್ನು ದುಡಿದಾನೆಯೆ?" ಎಂದಷ್ಟೇ ಕೇಳಿದರು. ಆತನ ಎರಡು ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಆದಕಾರಣ ಗುತ್ತಿಗೆ ಹಿಡಿಯುವವರು ಮಾಡಿಸಬೇಕಾದ ವಿಮೆಗಳಲ್ಲಿ ಮೊದಲನೆಯದು ಕೆಲಸಗಾರರದು ಎಂದು ನಾವು ಒತ್ತಿ ಹೇಳುತ್ತೇವೆ. ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರಿದ್ದರೆ ಇ.ಎಸ್.ಐ. ಯೋಜನೆ ಅನ್ವಯಿಸುತ್ತದೆ, ಚಿಕಿತ್ಸೆಯ ಭಾರ ಅದರ ಪಾಲಿಗೆ ಹೋಗುತ್ತದೆ. ಆದರೆ ನಮ್ಮ ಗುತ್ತಿಗೆದಾರರಲ್ಲಿ ಅನೇಕರು ಐದಾರು ಹುಡುಗರನ್ನು ಇಟ್ಟುಕೊಂಡವರು. ಹತ್ತಕ್ಕಿಂತ ಕಡಮೆಯಾದ್ದರಿಂದ ತಮಗೆ ಯಾವ ಕಾಯಿದೆಯೂ ಇಲ್ಲವೆಂದು ಅವರು ನೆಮ್ಮದಿಯಿಂದಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ಇ.ಎಸ್.ಐ. ಇಲ್ಲದ ಕಡೆ ಪರಿಹಾರದ ಹೊಣೆ ನೇರವಾಗಿ ಕೆಲಸಕ್ಕಿಟ್ಟುಕೊಂಡವನದೇ. 1923ರಿಂದ ನಡೆದುಬಂದ ಪರಿಹಾರದ ಕಾಯಿದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆಯಾದರೂ ಲೆಕ್ಕದ ಕ್ರಮ ಹಿಂದಿನದೇ: ಕೆಲಸದಲ್ಲಿ ಮರಣವಾದರೆ ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು, ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ ಶೇಕಡಾ 60ರಿಂದ. ಇಪ್ಪತ್ತು ವರ್ಷದ ಹುಡುಗನಿಗೆ ಆ ಅಂಕಿ 224. ಆತನ ವೇತನ 15,000 ರೂ. ಇದ್ದರೆ ಮರಣಕ್ಕೆ 16 ಲಕ್ಷ 80 ಸಾವಿರ, ಪೂರ್ಣ ಅಂಗವೈಕಲ್ಯಕ್ಕೆ 20 ಲಕ್ಷ 16 ಸಾವಿರ ರೂ. ಆಗುತ್ತದೆ. ಐದಾರು ಹುಡುಗರ ಗುತ್ತಿಗೆದಾರನು ತನ್ನ ಪಾತ್ರೆ, ಟೆಂಪೋ, ಊರಿನ ತೋಟ ಎಲ್ಲವನ್ನೂ ಮಾರಿದರೂ ಈ ಮೊತ್ತ ಹುಟ್ಟುವುದು ಕಷ್ಟ.

ಕಾರಖಾನೆಯವರು ಕೊಡಲಾರರೆ ಎಂದು ಕೇಳಬಹುದು. ಕಾಯಿದೆ ಅವರಿಂದಲೂ ಕೊಡಿಸುತ್ತದೆ. ಆದರೆ ಕೊಟ್ಟುದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕನ್ನೂ ಅದೇ ಕಾಯಿದೆ ಅವರಿಗೆ ಇತ್ತಿದೆ. ಬಾಕಿ ಬಿಲ್ಲು ಅವರ ಕೈಯಲ್ಲೇ ಇರುತ್ತದೆ.

ಈ ಹೊಣೆಗೆಂದೇ ಕೆಲಸಗಾರರ ಪರಿಹಾರದ ಪಾಲಿಸಿ ಇದೆ. ಅದರ ಪ್ರೀಮಿಯಂ ವರ್ಷದ ಒಟ್ಟು ವೇತನದ ಮೇಲೆ ನಿಂತಿದೆ. ಇಲ್ಲಿ ನಮ್ಮವರು ಮಾಡುವ ಜಾಣತನ ನಮಗೆ ತಿಳಿಯದ್ದೇನಲ್ಲ: ಒಂಬತ್ತು ಜನರಿರುವಲ್ಲಿ ಐವರನ್ನು ತೋರಿಸುವುದು, ಹದಿನೈದು ಸಾವಿರವನ್ನು ಎಂಟು ಸಾವಿರವೆಂದು ಬರೆಸುವುದು. ಉಳಿಯುವುದು ಕೆಲವು ನೂರು ರೂಪಾಯಿ. ಅಪಘಾತವಾದ ದಿನ ಗಾಯಗೊಂಡವನು ಪಟ್ಟಿಯಲ್ಲಿಲ್ಲದ ಆರನೆಯವನಾದರೆ ಮಾಡಿದ್ದೆಲ್ಲ ವ್ಯರ್ಥ. ಮದುವೆಯ ಕಾಲಕ್ಕೆ ಊರಿನಿಂದ ಕರೆಸಿಕೊಳ್ಳುವ ಬಡಿಸುವ ಹುಡುಗರನ್ನೂ ಬರೆಸಿರಬೇಕು. ಆಸ್ಪತ್ರೆಯ ಖರ್ಚು ಈ ಪಾಲಿಸಿಯಲ್ಲಿ ತಾನಾಗಿ ಸೇರಿರುತ್ತದೆಂದು ನಂಬಕೂಡದು, ಕೇಳಿ ಸೇರಿಸಿಕೊಳ್ಳಬೇಕು. ಪರಿಹಾರವನ್ನು ತಡಮಾಡಿದ್ದಕ್ಕೆ ಅಧಿಕಾರಿಗಳು ಹಾಕುವ ದಂಡವನ್ನು ವಿಮೆಯ ಕಂಪೆನಿ ಹೊರುವುದಿಲ್ಲ. ಅದು ಧಣಿಯ ಕೈಯಿಂದಲೇ ಹೋಗಬೇಕು.

ಎರಡನೆಯದು ನಮ್ಮ ಊಟ ಉಂಡವರ ಹೊಣೆ. ಐನೂರು ಜನರ ಮದುವೆಯಲ್ಲಿ ಹಾಲಿನ ಪಾಯಸ ಕೆಟ್ಟರೆ ಆಗುವ ಅನಾಹುತವನ್ನು ಯಾವ ಅಡಿಗೆಭಟ್ಟರೂ ಕನಸಿನಲ್ಲಿಯೂ ನೆನೆಯಲು ಬಯಸರು. 2006ರ ಆಹಾರ ಸುರಕ್ಷತಾ ಕಾಯಿದೆಯ 65ನೆಯ ಕಲಮಿನ ಪ್ರಕಾರ ಅಸುರಕ್ಷಿತ ಆಹಾರದಿಂದ ಮರಣವಾದರೆ 5 ಲಕ್ಷ ರೂ.ಗೆ ಕಡಮೆಯಿಲ್ಲದ ಪರಿಹಾರ, ತೀವ್ರ ಹಾನಿಗೆ 3 ಲಕ್ಷದ ತನಕ, ಇತರ ಹಾನಿಗೆ 1 ಲಕ್ಷದ ತನಕ ಕೊಡಬೇಕಾಗಬಹುದು. ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿ ಇದಕ್ಕೆ ಒದಗುತ್ತದೆ. ಆದರೆ ಆಹಾರದಿಂದಾದ ಹಾನಿ ಅದರಲ್ಲಿ ಸೇರಿದೆ ಎಂಬುದನ್ನು ಅಕ್ಷರದಲ್ಲಿ ಕಂಡೇ ಹಣ ಕಟ್ಟಬೇಕು. ನೆಲ ಒದ್ದೆಯಾಗಿ ಅತಿಥಿ ಜಾರಿ ಬಿದ್ದುದಕ್ಕೆ ಮಾತ್ರ ಕೊಡುವ ಪಾಲಿಸಿ ಅಡಿಗೆಯವನಿಗೆ ಅರ್ಧ ರಕ್ಷಣೆ. ಆಹಾರದ ಪರವಾನಗಿ ಇಲ್ಲದವರು, ಮನೆಬಳಕೆಯ ಗ್ಯಾಸಿನ ಸಿಲಿಂಡರನ್ನು ಕ್ಯಾಂಟೀನಿನಲ್ಲಿ ಹಚ್ಚುವವರು ವಿಮೆಯ ಕಂಪೆನಿಗೆ ಕ್ಲೇಮು ನಿರಾಕರಿಸಲು ತಾವೇ ಕಾರಣ ಒದಗಿಸಿಕೊಡುತ್ತಾರೆ.

ಮೂರನೆಯದು ಸಾಮಾನಿನದು. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ತಾಪಿಯ ದಂಡೆ ಮೀರಿ ಸೂರತ್ತನ್ನು ಮುಳುಗಿಸಿದಾಗ ನಾವು ಅಲ್ಲಿಯ ಒಂದು ಹೋಟೆಲಿನ ಗಲ್ಲೆಯಲ್ಲಿದ್ದೆವು. ನೀರು ಇಳಿದ ಮೇಲೆ ಅಕ್ಕಿಯ ಮೂಟೆಗಳು ಕೊಳೆತು ನಾರುತ್ತಿದ್ದುವು. ಧಣಿಗಳಲ್ಲಿ ಬೆಂಕಿಯ ಪಾಲಿಸಿ ಇತ್ತು. ಪ್ರವಾಹವೂ ಅದರಲ್ಲಿ ಸೇರಬಹುದಾಗಿತ್ತು. ಆದರೆ ಆಗಿನ ಪದ್ಧತಿಯಂತೆ ಪ್ರವಾಹವನ್ನು ಬಿಟ್ಟುಕೊಟ್ಟರೆ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತಿತ್ತು. ಅವರು ಬಿಟ್ಟುಕೊಟ್ಟಿದ್ದರು. ವಡೋದರೆಯವರು ಇದನ್ನು ಓದಿ ಸುಮ್ಮನಾಗುವಂತಿಲ್ಲ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ನದಿ 26 ಅಡಿಯ ಅಪಾಯದ ಮಟ್ಟ ದಾಟಿ 35 ಅಡಿಗೂ ಮೇಲೇರಿದ್ದನ್ನು ಅವರು ಕಂಡಿದ್ದಾರೆ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಮನೆಗಳು ಕುಸಿದುದೂ ಮರೆಯುವಂಥದಲ್ಲ.

ಈಗ ಪರಿಸ್ಥಿತಿ ಸುಧಾರಿಸಿದೆ. 2021ರ ಏಪ್ರಿಲ್ 1ರಿಂದ 5 ಕೋಟಿ ರೂ. ತನಕದ ಆಸ್ತಿಯುಳ್ಳ ಸಣ್ಣ ಉದ್ಯಮಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬೆಂಕಿಯ ಜತೆಗೆ ಪ್ರವಾಹ, ಬಿರುಗಾಳಿ, ಭೂಕಂಪಗಳೂ ಅದರಲ್ಲಿವೆ. ಒಂದು ಮಾತು ಮಾತ್ರ ನೆನಪಿರಲಿ: ಎಂಟು ಲಕ್ಷದ ಸಾಮಾನಿಗೆ ನಾಲ್ಕು ಲಕ್ಷದ ವಿಮೆ ಮಾಡಿಸಿದರೆ, ಎರಡು ಲಕ್ಷ ನಷ್ಟವಾದಾಗ ಕೈಗೆ ಬರುವುದು ಒಂದೇ ಲಕ್ಷ. ಶೇಕಡಾ 15ರಷ್ಟರ ಕೊರತೆಯನ್ನು ಈ ಪಾಲಿಸಿ ಮನ್ನಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಮನ್ನಿಸದು. ಬೀಗ ಮುರಿದು ಮಾಡುವ ಕಳವಿಗೂ ಗಲ್ಲೆಯವನೇ ಹಣ ಎತ್ತಿಕೊಂಡು ಹೋಗುವುದಕ್ಕೂ ಬೇರೆ ಬೇರೆ ಪಾಲಿಸಿಗಳಿವೆ.

ಸ್ವಂತವಾಗಿ ಲೆಕ್ಕ ಬರೆಯುವ ಗುಮಾಸ್ತ ಮಿತ್ರರಿಗೂ ಒಂದು ಮಾತು. ಜಿ.ಎಸ್.ಟಿ. ರಿಟರ್ನಿನಲ್ಲಿ ನಿಮ್ಮ ಕೈತಪ್ಪಿನಿಂದ ವ್ಯಾಪಾರಿಗೆ ನಷ್ಟವಾದರೆ ಆತ ನಿಮ್ಮನ್ನು ಹಿಡಿಯುತ್ತಾನೆ. ವೃತ್ತಿಯ ಲೋಪಕ್ಕೆಂದೇ ಇರುವ ವಿಮೆಯನ್ನು ವರ್ಷ ತಪ್ಪದೆ ನವೀಕರಿಸಬೇಕು. ಸಾಮಾನ್ಯವಾಗಿ ಅದು ಕ್ಲೇಮು ಬಂದ ದಿನದಂದು ಜೀವಂತವಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿಸಿದವನು ತನ್ನನ್ನು ಮರೆಯುವುದು ರೂಢಿ. ಗುತ್ತಿಗೆದಾರನು ಯಾರ ಕೆಲಸಗಾರನೂ ಅಲ್ಲ. ಅವನು ಬಿದ್ದರೆ ಪರಿಹಾರ ಕೊಡುವ ಧಣಿಯಿಲ್ಲ. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 20 ರೂ. ಕಟ್ಟಿದರೆ ಅಪಘಾತದ ಮರಣಕ್ಕೆ 2 ಲಕ್ಷ, 436 ರೂ. ಕಟ್ಟಿದರೆ ಯಾವುದೇ ಕಾರಣದ ಮರಣಕ್ಕೆ 2 ಲಕ್ಷ ಕೊಡುವ ಸರಕಾರದ ಎರಡು ಯೋಜನೆಗಳು 2015ರಿಂದ ನಡೆದಿವೆ. ಸಾಲದೆಂಬುದು ನಿಜ, ಆದರೆ ಅಷ್ಟನ್ನಾದರೂ ಮಾಡಿಸದವರು ನಮ್ಮಲ್ಲಿ ಎಷ್ಟೋ ಮಂದಿ.

ಹಣವೆಲ್ಲಿ ಎನ್ನುವವರಿಗೆ ಅಹಮದಾಬಾದಿನಲ್ಲಿಯೇ ಉತ್ತರವಿದೆ. ಇಲಾ ಭಟ್ ಅವರು 1972ರಲ್ಲಿ ಇಲ್ಲಿ ಸ್ಥಾಪಿಸಿದ 'ಸೇವಾ' ಸಂಸ್ಥೆಯ ಸದಸ್ಯೆಯರು ತರಕಾರಿ ಮಾರುವವರು, ಬೀಡಿ ಕಟ್ಟುವವರು, ತಲೆಹೊರೆ ಹೊರುವವರು, ಧಣಿಯಿಲ್ಲದೆ ದುಡಿಯುವವರು. 1992ರಲ್ಲಿ ಅವರು 'ವಿಮೋ ಸೇವಾ' ಎಂಬ ಯೋಜನೆ ಆರಂಭಿಸಿ ಜೀವ, ಆಸ್ಪತ್ರೆ, ಮನೆಯ ಸೊತ್ತು ಮೂರಕ್ಕೂ ಗುಂಪಾಗಿ ರಕ್ಷಣೆ ಪಡೆದರು. (ಗುಜರಾತಿಯ ವಿಮೋ ನಮ್ಮ ವಿಮೆಯೇ, ಈ ಒಂದು ಶಬ್ದಕ್ಕಾದರೂ ನಮಗೆ ದುಭಾಷಿ ಬೇಡ.) ದಿನದ ಪುಡಿಗಾಸು ಕೂಡಿಸುವ ವಿದ್ಯೆ ನಮ್ಮ ಜಿಲ್ಲೆಯವರಿಗೂ ಹೊಸದಲ್ಲ, ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿ ಆರಂಭಿಸಿ ಮನೆಬಾಗಿಲಿಗೆ ಏಜೆಂಟರನ್ನು ಕಳುಹಿಸಿತ್ತು. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವಕ್ಕೆ ಚಂದಾ ಎತ್ತುವ ಉತ್ಸಾಹದಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ಇಂಥ ಗುಂಪು ವಿಮೆಗೆ ತಿರುಗಿಸಿದರೆ ಸಾಕು.

ಕ್ಲೇಮನ್ನು ಕಂಪೆನಿ ನಿರಾಕರಿಸಿದರೆ ಕೈಚೆಲ್ಲಿ ಕೂರಬೇಕಾಗಿಲ್ಲ. ವಿಮಾ ಓಂಬುಡ್ಸ್‌ಮನ್ ಅವರ ಕಚೇರಿ ಅಹಮದಾಬಾದಿನಲ್ಲಿಯೇ ಇದೆ. ಒಬ್ಬನೇ ಒಡೆಯನಾಗಿ ನಡೆಸುವ ವ್ಯಾಪಾರದ ಪಾಲಿಸಿಗಳ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ಮೊದಲು ಕಂಪೆನಿಗೆ ಬರೆದು ದೂರು ಕೊಟ್ಟಿರಬೇಕು. ಅದು ನಿರಾಕರಿಸಿದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್ ಅವರಿಗೆ ಬರೆಯಬೇಕು.

ಪಾಲಿಸಿ ಇಂಗ್ಲಿಷಿನಲ್ಲಿ, ಏಜೆಂಟರ ವಿವರಣೆ ಗುಜರಾತಿಯಲ್ಲಿ, ನಮ್ಮವರ ಓದು ಕನ್ನಡದಲ್ಲಿ. ತೊಂದರೆಯ ಅರ್ಧ ಭಾಗ ಇದರಿಂದಲೇ ಹುಟ್ಟುತ್ತದೆ. ರವಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ನಮ್ಮ ಕಚೇರಿಗೆ ಪಾಲಿಸಿಯನ್ನು ತಂದರೆ ಓದಿ ಕನ್ನಡದಲ್ಲಿ ಹೇಳುವ ಏರ್ಪಾಡು ಮಾಡಿದ್ದೇವೆ. ಬರುವವರು ಗುತ್ತಿಗೆಯ ಕರಾರುಪತ್ರವನ್ನೂ ಕೆಲಸದ ಹುಡುಗರ ಪೂರ್ಣ ಪಟ್ಟಿಯನ್ನೂ ಜತೆಗೆ ತರಬೇಕು.