ಕೈಚಳಕ ಕಳ್ಳರಿಗಷ್ಟೇ ಏಕೆ?



ಪರಿಣತಿಯ ಬಗ್ಗೆ ಮಾತಾಡಲು ಇಂಗ್ಲಿಷೇ ಬೇಕು, ಕನ್ನಡದಲ್ಲಿ ಪದಗಳೇ ಇಲ್ಲ ಎನ್ನುವ ಅನಿವಾಸಿ ಮಿತ್ರರನ್ನು ಕೇಳುತ್ತೇನೆ: ಇಂಗ್ಲಿಷಿನವರು ತಮ್ಮ ಹಳೆಯ ಪದಗಳನ್ನು ಏನು ಮಾಡಿಕೊಂಡರು ಗೊತ್ತೇ?

'ಕನಿಂಗ್' ಎಂದರೆ ಹಿಂದೆ ಬಲ್ಲವನು, ನುರಿತವನು ಎಂದರ್ಥ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಚೆನ್ನಾಗಿ ಹಾರ್ಪ್ ನುಡಿಸುವವನೂ 'ಕನಿಂಗ್'. ಇಂದು? ಕುತಂತ್ರಿ! 'ಕ್ರಾಫ್ಟ್' ಎಂದರೆ ಶಕ್ತಿ, ಕುಶಲತೆ ಎಂದಿತ್ತು. ಜರ್ಮನಿಯಲ್ಲಿರುವ ನಮ್ಮವರನ್ನು ಕೇಳಿ, ಅಲ್ಲಿ ಅದು ಇಂದಿಗೂ ಶಕ್ತಿಯೇ. ಇಂಗ್ಲಿಷಿನ 'ಕ್ರಾಫ್ಟಿ' ಮಾತ್ರ ಠಕ್ಕ. ಗೌರವವೆಲ್ಲ ಲ್ಯಾಟಿನ್ ಮೂಲದ 'ಎಕ್ಸ್‌ಪರ್ಟ್'ಗೆ ಹೋಯಿತು. ಅದರ ಮೂಲಾರ್ಥವಾದರೂ ಏನು? ಮಾಡಿ ನೋಡಿ ಪಳಗಿದವನು, ಅಷ್ಟೇ!

ನಾವೂ ಅದೇ ದಾರಿ ಹಿಡಿದಿದ್ದೇವೆ. ನಮ್ಮ 'ಕೈಚಳಕ' ಪತ್ರಿಕೆಗಳ ತಲೆಬರಹಗಳಲ್ಲಿ ಕಳ್ಳರ ಪಾಲಾಗಿದೆ. 'ಬಲ್ಲೆ' ಎಂಬ ಒಂದೇ ಪದ ಅರಿವನ್ನೂ ಹೇಳುತ್ತದೆ, ಸಾಮರ್ಥ್ಯವನ್ನೂ ಹೇಳುತ್ತದೆ: ಕನ್ನಡ ಬಲ್ಲೆ, ಮಾಡಬಲ್ಲೆ. ಇಂಗ್ಲಿಷಿನ 'ಕ್ಯಾನ್' ಕೂಡ ಮೊದಲು 'ತಿಳಿದಿರು' ಎಂಬ ಅರ್ಥದ್ದೇ. ಅವರು ಆ ಅರ್ಥ ಕಳೆದುಕೊಂಡರು, ನಮ್ಮಲ್ಲಿ ಇನ್ನೂ ಜೀವಂತವಾಗಿದೆ.

ಕಲಿತವರು ಕೈಬಿಟ್ಟ ಪದ ಬೀದಿಪಾಲಾಗುತ್ತದೆ. ಮುಂದಿನ ಕನ್ನಡ ಕೂಟದಲ್ಲಿ ಸರ್ಜನ್ ಒಬ್ಬರನ್ನು ಪರಿಚಯಿಸುವಾಗ 'ಇವರದು ಪಳಗಿದ ಕೈ' ಎನ್ನಿ. ಪ್ರೋಗ್ರಾಮರನ್ನು 'ಕಸುಬು ಬಲ್ಲವರು' ಎನ್ನಿ. ಯಾರು ನಗುತ್ತಾರೋ ನೋಡೋಣ!